ಸೋಮವಾರ ನೊಗ ಇಡುವುದಿಲ್ಲ

ಚಾಮರಾಜನಗರದ ಜಿಮ್ಮೊಂದರಲ್ಲಿ ಕೆಟ್ಟ ಟ್ರೆಡ್‌ಮಿಲ್ ಬಿಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿ ಎತ್ತು ಕಟ್ಟಿ ಉಳುವ ಹರದನಹಳ್ಳಿಯ ರೈತರೊಬ್ಬರು ಮಗಳ ಕೈಗೆ ಡಂಬೆಲ್ ಕೊಟ್ಟು ನಿಂತಿದ್ದರು. ಮುಂದಿನ ವಾರ ಪೊಲೀಸ್ ಆಯ್ಕೆಯಲ್ಲಿ ಅವಳು ಗುಂಡು ಎಸೆಯಬೇಕು. ಭುಜ ಆಗಲೇ ಊದಿತ್ತು. ‘ಸ್ವಲ್ಪ ದಿನ ಬಿಡಿ, ಇಲ್ಲಾಂದ್ರೆ ಅವತ್ತು ಕೈಯೇ ಏಳಲ್ಲ’ ಎಂದು ಕೋಚ್ ಹೇಳಿದರೂ ಅಪ್ಪ ಕೇಳಲಿಲ್ಲ.

‘ಬುಟ್ರೆ ಬಲ ಇಳ್ದೋಯ್ತದೆ. ಇನ್ನೊಂದ್ಸಲ ಮಾಡು ಕಣಮ್ಮಿ!’

ನನಗೆ ತಡೆಯಲಾಗಲಿಲ್ಲ. ‘ಯಜಮಾನ್ರೇ, ನಮ್ಮ ಹೊಲ ಉಳಬೇಕಾಗಿತ್ತು. ಸೋಮವಾರ ನಿಮ್ಮ ಎತ್ತು ಬಾಡಿಗೆಗೆ ಸಿಗ್ತವಾ?’

ಅವರಿಗೆ ಸಿಟ್ಟು ಬಂತು. ‘ಶಿವನ ವಾರ ಬಸವಣ್ಣನ್ ಮ್ಯಾಲೆ ನೊಗ ಮಡಗಕ್ಕಾಯ್ತದಾ? ವಾರವೆಲ್ಲಾ ಗೇದವೆ, ಒಂದಿನ ಹುಳ್ಳಿ ತಿನ್ಕಂಡು ಸುಧಾರಿಸ್ಕಬ್ಯಾಡ್ವಾ?’

‘ನಾನ್ ಸುಧಾರಿಸ್ಕಬ್ಯಾಡ್ವಾ ಅಪ್ಪ?’ ಮಗಳು ಮೆಲ್ಲಗೆ ಕೇಳಿದಳು.

ಎತ್ತಿನ ಹೆಗಲು ದಿನಾ ಸವರುವ ಮನುಷ್ಯ ಮಗಳ ಭುಜವನ್ನು ಆಗ ಮುಟ್ಟಿ ನೋಡಿದರು. ಡಂಬೆಲ್ ತಾವೇ ಇಸಿದುಕೊಂಡು ಕೆಳಗಿಟ್ಟರು. ‘ನಡಿ ಮನೆಗೆ. ಹುಳ್ಳಿಕಾಳು ಬೇಯ್ಸು ಅಂತ ನಿಮ್ಮವ್ವಂಗೇಳ್ತೀನಿ.’

ನಾನು ಒಳಗೊಳಗೇ ಬೀಗುತ್ತಿದ್ದೆ. ಅಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತು ತಿರುಗಿದರು. ‘ಸ್ವಾಮಿ, ನಿಮ್ಮೊಲ ಎಲ್ಲಿ ಬತ್ತದೆ? ಮಂಗಳವಾರ ಎತ್ತು ಹೊಡ್ಕಂಡ್ ಬತ್ತೀನಿ.’

ಬಾಯಿಗೆ ಬಂದ ಊರು, ಚಂದಕವಾಡಿ ಅಂದುಬಿಟ್ಟೆ. ನನ್ನ ಪಾಲಿನ ಭೂಮಿಯೆಂದರೆ ಮಹಡಿಯ ಮೇಲಿನ ಹೂಕುಂಡದ ಮಣ್ಣು.