ಆಕಾಶದಲ್ಲೊಂದು ಲಾಳಿ

ನನ್ನ ಬಲಗಣ್ಣಿನ ನಡುಭಾಗದ ದೃಷ್ಟಿ ಹೋಗಿತ್ತು, ನನಗೆ ಗೊತ್ತಿರಲಿಲ್ಲ. ನಡೆದದ್ದು ಇಷ್ಟೇ. ಮೊಮ್ಮಗಳು ಇದಕ್ಕೆ ಆಕಾಶ, ಗ್ಯಾಲಕ್ಸಿ ಎಲ್ಲ ಸೇರಿಸಿ ದೊಡ್ಡ ಕಥೆ ಮಾಡುತ್ತಾಳೆ. ನನಗೋ ಕನ್ನಡಕ ಒರೆಸುವಾಗಲೆಲ್ಲ ಆ ಸಂಜೆ ನೆನಪಾಗುತ್ತದೆ.

ಶಹರದೊಳಗಿನ ಖಾಸಬಾಗದ ನಮ್ಮ ಮಾಳಿಗೆಯಿಂದ ಬೀದಿ ದೀಪ ಬಿಟ್ಟು ಏನೂ ಕಾಣುವುದಿಲ್ಲವೆಂದು ಅವಳು ನನ್ನನ್ನೂ ತನ್ನ ದುರ್ಬೀನನ್ನೂ ಖಾನಾಪುರದ ನನ್ನ ತಂಗಿಯ ಹೊಲಕ್ಕೆ ಸಾಗಿಸಿದಳು. ಮರುದಿನ ಅಮಾವಾಸ್ಯೆ, ಊಟಕ್ಕೆ ಮೊದಲೇ ಕಗ್ಗತ್ತಲು. ಮೊಬೈಲು ಕೂಡ ಆರಿಸಿ, ಕಣ್ಣು ಕತ್ತಲಿಗೆ ಹೊಂದುವ ತನಕ ಸುಮ್ಮನೆ ಕೂರಬೇಕಂತೆ. ಕೂತೆ. ಸೊಳ್ಳೆಗಳ ಊಟವಾಯಿತು.

“ಆಯಿ, ಈ ಗ್ಯಾಲಕ್ಸಿ ನಿಮ್ಮ ಮಗ್ಗದ ಲಾಳಿ ಇದ್ದಂಗ ಕಾಣತೈತಿ ನೋಡು. ಖರೇ ಅಂದ್ರ ಅದು ರೊಟ್ಟಿ ಹಂಗ ದುಂಡಗ ಐತಿ, ನಡುವ ಉಬ್ಬೇತಿ. ನಾವು ಅಂಚಿನಿಂದ ನೋಡತೇವಲ್ಲ, ಅದಕ್ಕ ಉದ್ದಕ ಕಾಣತೈತಿ. ನೇರ ನೋಡಬ್ಯಾಡ, ಜರಾ ಬಾಜೂಕ ನೋಡು.”

ದುರ್ಬೀನಿಗೆ ಬಲಗಣ್ಣಿಟ್ಟೆ. ನೇರಕ್ಕೆ ಏನೂ ಇಲ್ಲ. ದೃಷ್ಟಿ ಸರಿಸಿದೆ. ಬಂತು: ಎರಡೂ ತುದಿ ಚೂಪಾದ ಮಸುಕು ಬಿಳುಪು. ಅವಳು ಫೋಟೋದಲ್ಲಿ ತೋರಿಸಿದ್ದ ಸುರುಳಿ ಗಿರುಳಿ ಏನಿಲ್ಲ. ಆ ಬಿಳುಪೆಲ್ಲ ಲೆಕ್ಕವಿಲ್ಲದಷ್ಟು ಚುಕ್ಕಿಗಳೇ ಅಂತೆ.

“ಇಷ್ಟ ನೋಡಾಕ ದೇಸೂರ ದಾಟಿ ಇಷ್ಟ ದೂರ ಬಂದ್ವೇನು?”

ಅವಳು ನಕ್ಕು ದುರ್ಬೀನನ್ನು ದೊಡ್ಡ ಚುಕ್ಕಿಯೊಂದರ ಕಡೆ ತಿರುಗಿಸಿದಳು. “ತೊಗೋ, ಇದನ್ನ ನೇರ ನೋಡು. ಕಣ್ಣ ಕುಕ್ಕತೈತಿ.”

ನೋಡಿದೆ. ಚುಕ್ಕಿ ಇಲ್ಲ. “ಇದನ್ನೂ ಬಾಜೂಕ ನೋಡಬೇಕೇನವಾ?”

“ಚ್ಯಾಷ್ಟಿ ಮಾಡಬ್ಯಾಡ ಬೇ ಆಯಿ.”

“ನಿನ್ನಾಣಿ. ನೇರ ನೋಡಿದ್ರ ಮಾಯ ಆಗತೈತಿ.”

ಅವಳ ನಗು ನಿಂತಿತು. “ಎಡಗಣ್ಣ ಇಡು.”

ಎಡಗಣ್ಣಿಗೆ ಚುಕ್ಕಿ ಸೂಜಿಯಂತೆ ಚುಚ್ಚಿತು. ಮತ್ತೆ ಬಲಗಣ್ಣು. ಇಲ್ಲ. ಆ ಮಸುಕು ಲಾಳಿ ನೇರ ನೋಡಿದರೆ ಎಲ್ಲರಿಗೂ ಮಂಕಾಗುತ್ತದಂತೆ. ಇಷ್ಟು ಉರಿಯುವ ಚುಕ್ಕಿ ಮಾಯವಾಗಬಾರದು. ಇಷ್ಟು ದಿನ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಟ್ಟಿತ್ತು. ಮಗ್ಗದಲ್ಲಿ ಎಳೆ ತಪ್ಪಿದಾಗಲೆಲ್ಲ ನಾನು ನೂಲಿಗೆ ಬೈಯುತ್ತಿದ್ದೆ. ಕಡಿದ ಎಳೆ ಜೋಡಿಸುವುದೊಂದೇ ನನಗೆ ಬರುವ ವಿದ್ಯೆ. ಇನ್ನೊಂದು ಕಣ್ಣೂ ಹೀಗಾದರೆ ಆ ಮಗ್ಗದ ಮನೆಯಲ್ಲಿ ನಾನೇನು, ಸುಮ್ಮನೆ ನಿಂತ ಕಂಬವೇ?

ಮರುದಿನ ಬೆಳಿಗ್ಗೆ ತಂಗಿ, “ಅಮಾಸಿ ದಿನ ದವಾಖಾನಿಗೆ ಹೋಗಬ್ಯಾಡಕ್ಕಾ” ಅಂದಳು.

“ಕಣ್ಣೇನ ಪಂಚಾಂಗ ನೋಡಿ ಹೋಗೇತೇನು?”

ಚಹಾ ಕುಡಿಯುತ್ತ, ಎಡಗಣ್ಣು ಮುಚ್ಚಿ ಮೊಮ್ಮಗಳನ್ನು ನೋಡಿದೆ. ಮುಖವಿದ್ದಲ್ಲಿ ಬೂದಿ ಬಣ್ಣ. ದೃಷ್ಟಿಯನ್ನು ಅವಳ ಕಿವಿಯೋಲೆಯಾಚೆ ಸರಿಸಿದೆ. ಮುಖ ಬಂತು, ಅತ್ತು ಊದಿಕೊಂಡ ಮುಖ.

“ಮಾರಿ ತೊಳ್ಕೊ, ಬಸ್ಸ ಬರತೈತಿ” ಎಂದು ಎದ್ದೆ.