ರೈಲು ಹತ್ತಿದ ಸೈನ್ಯ, ಆಟೋದಲ್ಲಿ ಸಿಕ್ಕಿಬಿದ್ದ ಊಟ

ಶಿವಾಜಿನಗರದ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಹತ್ತೊಂಬತ್ತನೇ ಶತಮಾನದ ಯುರೋಪಿನ ಯುದ್ಧಗಳೆಂದರೆ ನಮ್ಮ ಕೊನೆ ವರ್ಷದ ಬಿಎ ಮಕ್ಕಳಿಗೆ ನಿದ್ದೆಯ ಹೊತ್ತು. ಕಲ್ಲಿದ್ದಲು, ಉಕ್ಕು, ಕಾರ್ಖಾನೆ ಇದ್ದವರ ಕೈ ಮೇಲಾಯಿತು, ಪ್ರಷ್ಯಾ ತನ್ನ ಸೈನ್ಯವನ್ನು ರೈಲಿನಲ್ಲೇ ಫ್ರಾನ್ಸಿನ ಗಡಿಗೆ ತಂದು ಸುರಿಯಿತು ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾದಗಿರಿ ಕಡೆಯ ಹುಡುಗ ಎದ್ದ. ಅವನ ಮನೆಯವರು ಕೆ.ಆರ್. ಪುರದಲ್ಲಿ ಬಾಡಿಗೆಗಿದ್ದರು.

"ಮೇಡಂ, ರೈಲಿದ್ರ ಸಾಕೇನ್ರಿ? ಧೈರ್ಯ ಬ್ಯಾಡೇನ್ರಿ?"

"ಬಾ, ನೋಡೇಬಿಡೋಣ" ಎಂದೆ.

ಶನಿವಾರ ಎರಡು ಸೈನ್ಯ ಕಟ್ಟಿದೆವು. ಕೆ.ಆರ್. ಪುರದ ರೈಲ್ವೆ ಸ್ಟೇಷನ್ನಿಗೆ ಮೊದಲು ಮುಟ್ಟಿದವರು ಗೆದ್ದಂತೆ. ನಾನಿದ್ದ ಸೈನ್ಯ ಕಂಟೋನ್ಮೆಂಟಿನಿಂದ ರೈಲಿನಲ್ಲಿ, ಅವನದು ಹಲಸೂರಿನ ಮೇಲೆ ಸಿಟಿ ಬಸ್ಸಿನಲ್ಲಿ. ಮೆಟ್ರೋ ಹತ್ತುವಂತಿಲ್ಲ. ನಮ್ಮ ಸೇನಾಪತಿ ವಿಮಾನಪುರದ ಹುಡುಗಿ. ಮಧ್ಯಾಹ್ನದ ಊಟಕ್ಕೆ ಮಾಸ್ಕ್ ರೋಡಿನ ಬಿರಿಯಾನಿಯನ್ನು ಗೆಳತಿಯೊಬ್ಬಳ ಜೊತೆ ಆಟೋದಲ್ಲಿ ಕಳಿಸಿ, ನಾವು ಕೈಬೀಸಿಕೊಂಡು ಹೋಗೋಣ ಎಂದಳು.

ಆರಾಮಾಗಿ ತಲುಪಿ ಪ್ಲಾಟ್‌ಫಾರಂ ಮೇಲೆ ಜೈಕಾರ ಕೂಗಿದೆವು. ಹೊಟ್ಟೆ ಚುರುಗುಟ್ಟತೊಡಗಿತು. ಸೇನಾಪತಿ ಫೋನ್ ಮಾಡಿದಳು.

"ಎಲ್ಲಿದೀಯೇ?"

"ಟಿನ್ ಫ್ಯಾಕ್ಟರಿ ಹತ್ರ ಜಾಮಲ್ಲಿ ನಿಂತ್ಬಿಟ್ಟಿದೀವಿ ಕಣೇ. ಆಟೋ ಅಲ್ಲಾಡ್ತಾನೇ ಇಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಪ್ರಷ್ಯಾಕ್ಕೂ ಹೀಗೇ ಆಗಿತ್ತು. ಸೈನಿಕರು ಮುಂದೆ ಹೋಗಿಬಿಟ್ಟರು, ರೊಟ್ಟಿ ಹಿಂದೆ ವ್ಯಾಗನ್ನುಗಳಲ್ಲೇ ಕೊಳೆಯಿತು. ಹಸಿದ ಮಕ್ಕಳು ಈ ಪಾಠವನ್ನು ಮಾತ್ರ ಕಣ್ಣರಳಿಸಿ ಕೇಳಿದರು.

ಅಷ್ಟರಲ್ಲಿ ಬಸ್ಸಿನ ಸೈನ್ಯ ಬೆವರು ಸುರಿಸುತ್ತ ಬಂತು. ಅದೇ ಜಾಮಿನಲ್ಲಿ ಇಳಿದು ನಡೆದುಬಿಟ್ಟಿದ್ದರು. ಹುಡುಗ ಚೀಲ ಬಿಚ್ಚಿದ. ಅವನ ಅಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ.

"ಗೆದ್ದವ್ರು ಮೊದ್ಲು ಉಣ್ರಿ."

"ಸೋತೋರ ಊಟ ತಿನ್ನೋ ಹಾಗಾಯ್ತಲ್ಲ ಗುರು!" ಎನ್ನುತ್ತಲೇ ನಮ್ಮ ಸೇನಾಪತಿ ಎರಡು ರೊಟ್ಟಿ ಎತ್ತಿಕೊಂಡಳು.

ಉಣ್ಣುತ್ತ ಅವನು ಮೆಲ್ಲಗೆ ಕೇಳಿದ, "ಫ್ರಾನ್ಸಿನವ್ರು ಧೈರ್ಯ ಮಾಡಿ ಬಡದಾಡಿದ್ರೇನ್ರಿ, ಮೇಡಂ?"

"ತುಂಬಾ ಧೈರ್ಯವಾಗೇ ಕಾದಾಡಿದ್ರಪ್ಪ. ಆದ್ರೂ ಸೋತ್ರು."

ಅವನು ಇನ್ನೊಂದು ರೊಟ್ಟಿ ಮುರಿದ. "ನಮ್ಮಪ್ಪ ಇಲ್ಲಿ ಮೆಟ್ರೋ ಕಂಬ ಕಟ್ಟಾಕ ಬಂದಾರ್ರಿ. ಅಲ್ಲಿ ರೈಲಿನ ಹಳಿ ಹಾಕಿದವ್ರು ಯಾರ್ರಿ?"

ಹಳ್ಳಿ ಬಿಟ್ಟು ಬಂದು ಗುದ್ದಲಿ ಹಿಡಿದವರ ಬಗ್ಗೆ ನನಗೆ ಗೊತ್ತಿದ್ದಷ್ಟು ಹೇಳಿದೆ. ಇನ್ನಷ್ಟು ಕೇಳಿದ. ಓದಿ ಹೇಳುತ್ತೇನೆ ಎಂದೆ. ಆ ವಾರವೆಲ್ಲ ಸಂಜೆ ಲೈಬ್ರರಿಯಲ್ಲಿ ಕೂತು ಹುಡುಕಿದೆ, ಬಹಳ ದಿನಗಳ ಮೇಲೆ ಖುಷಿಯಿಂದ.