ಆನೆ ಇಲ್ಲದ ಗಂಡಭೇರುಂಡ

ಗಣಿ ಮುಚ್ಚಿ ಎರಡು ವರ್ಷವಾಗಿತ್ತು. ಅದರ ಪ್ರಯೋಗಾಲಯದಲ್ಲಿ ಅದಿರಿನ ಚಿನ್ನದ ಅಂಶ ಅಳೆಯುತ್ತಿದ್ದ ನಾನು, ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಯ ಅಂಗಡಿಯೊಂದಕ್ಕೆ ಹಳೆಯ ನಾಣ್ಯ ಗುರುತಿಸಲು ಹೋಗುತ್ತಿದ್ದೆ. ಮೊದಲು ತೂಕ, ಆಮೇಲೆ ಅಂಚು, ಆಮೇಲೆ ಭೂತಗನ್ನಡಿ. ಅಷ್ಟೂ ಮುಗಿಯುವವರೆಗೆ ಬಾಯಿ ತೆರೆಯುತ್ತಿರಲಿಲ್ಲ.

ಒಂದು ಭಾನುವಾರ ನಂದಿದುರ್ಗ ಗಣಿಯ ಕಾರ್ಮಿಕರ ಸಾಲಿನ ನಮ್ಮ ಲೈನ್ ಮನೆಯಲ್ಲಿ ಹೆಂಡತಿ ರತ್ನ ದಪ್ಪನೆಯ ತಾಮ್ರದ ಬಿಲ್ಲೆಯೊಂದನ್ನು ನನ್ನ ಮುಂದಿಟ್ಟಳು. ತೀರಿಹೋಗಿದ್ದ ಅವಳ ಅಪ್ಪನದು. ಅವರು ಮೈಸೂರು ಮೈನ್ಸ್ ಎಂಬ ಗಣಿಯಲ್ಲಿ ಕೆಲಸಕ್ಕಿದ್ದಾಗ, ತನ್ನ ದೇಶಕ್ಕೆ ಮರಳುತ್ತಿದ್ದ ಬಿಳಿಯ ದೊರೆಯೊಬ್ಬ 'ರಷ್ಯಾ ರಾಣಿಯ ಕಾಸು' ಎಂದು ಕೊಟ್ಟನಂತೆ. ಯಾರೂ ನಂಬಿರಲಿಲ್ಲ. ಲೈನಿನವರು ಅವರನ್ನು ಸಾಯುವವರೆಗೂ 'ರಷ್ಯಾ ಮುನಿಸ್ವಾಮಿ' ಎಂದೇ ಆಡಿಕೊಂಡರು.

"ಅಪ್ಪ ಸುಳ್ಳು ಯೋಳಿಲ್ಲ ಅಂತ ನೀವು ಒಂದ್ ಮಾತು ಅಂದ್ರೆ ಸಾಕು ರೀ," ಎಂದಳು.

ಪೇಪರ್ ಓದುತ್ತಿದ್ದೆ. ಎರಡು ತಲೆಯ ಹಕ್ಕಿ ಕಂಡಿತು. "ಗಂಡಭೇರುಂಡ ಕಣೆ. ಮೈಸೂರಿನ ಯಾವ್ದೋ ಬಿಲ್ಲೆ. ರಷ್ಯಾನೂ ಇಲ್ಲ, ಗಿಷ್ಯಾನೂ ಇಲ್ಲ."

"ಗಂಡಭೇರುಂಡ ಆನೆ ಇಡ್ಕೊಂಡಿರ್ತದೆ. ಇದ್ರ ಕಾಲಲ್ಲಿ ಆನೆ ಎಲ್ಲೈತೆ?"

"ಸವೆದೋಗಿರ್ತದೆ. ಉಣಸೇಹಣ್ಣಲ್ಲಿ ಉಜ್ಜಿ ದೇವರ ಮುಂದೆ ಇಟ್ಕೊ ಓಗು."

ತಾಮ್ರದ ನಾಣ್ಯವನ್ನು ಉಜ್ಜಬೇಡಿ, ಮೇಲಿನ ಕಂದು ಪದರ ಹೋದರೆ ಅಕ್ಷರವೂ ಹೋಗುತ್ತದೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದವನು ನಾನೇ. ಇಪ್ಪತ್ತು ವರ್ಷ ಪ್ರತಿ ಶುಕ್ರವಾರ ಅವಳು ಪಂಚಪಾತ್ರೆಯ ಜೊತೆ ಅದನ್ನೂ ಉಜ್ಜಿದಳು. ಅಪ್ಪನ ಮಾತು ಮತ್ತೆ ಎತ್ತಲಿಲ್ಲ.

ಈ ವರ್ಷ ರತ್ನ ತೀರಿಕೊಂಡಳು. ತಿಥಿ ಮುಗಿದ ಮೇಲೆ ದೇವರ ಗೂಡು ಒರೆಸುವಾಗ ಬಿಲ್ಲೆ ಕೈಗೆ ಬಂತು. ಮೊದಲ ಸಲ ತೂಗಿದೆ. ನಲವತ್ತೇಳು ಗ್ರಾಂ. ಅಷ್ಟು ಭಾರದ ಮೈಸೂರು ಕಾಸನ್ನು ನಾನು ಕಂಡೇ ಇಲ್ಲ. ಅಂಚಿನಲ್ಲಿ ಬಲೆಯಂಥ ಗೆರೆ. ಹಕ್ಕಿಯ ಒಂದು ಕಾಲಲ್ಲಿ ರಾಜದಂಡ, ಇನ್ನೊಂದರಲ್ಲಿ ಗೋಳ: ರಷ್ಯಾದ ರಾಜಮುದ್ರೆಯ ಎರಡು ತಲೆಯ ಹದ್ದು. ಹಿಂಬದಿಯಲ್ಲಿ ಕಿರೀಟ, ಅದರ ಕೆಳಗೆ ರಾಣಿ ಎರಡನೆಯ ಕ್ಯಾಥರೀನಳ ಹೆಸರಿನ ಮೊದಲಕ್ಷರದ ನೆರಳು. ರಷ್ಯಾದ ಐದು ಕೊಪೆಕ್ ನಾಣ್ಯ, ಅಸಲಿ. ಇಸವಿ ಮಾತ್ರ ಓದಲಾಗಲಿಲ್ಲ. ಅದು ಅವಳ ಹೆಬ್ಬೆರಳಿನಡಿ ಅಳಿಸಿಹೋಗಿತ್ತು.

ಅವಳ ತಮ್ಮನನ್ನು ಕರೆಸಿ ಹೇಳಿದೆ. ಅವನು ನಾಣ್ಯವನ್ನು ತಿರುಗಿಸಿ ನೋಡಿದ. "ಅಪ್ಪಂದು ನಿಜ ಅಂತ ನಾನು ಜಗಳಕ್ಕೆ ನಿಂತ್ರೆ ಅಕ್ಕನೇ ಬೈಯೋಳು ಭಾವ. 'ನಿಮ್ ಭಾವ ನೋಡವ್ರೆ ಕಣ್ಲಾ, ಅವರಿಗಿಂತ ನಿಂಗೊತ್ತಾ' ಅಂತ."

"ನಾನು ನೋಡಿರಲಿಲ್ಲ ಕಣಪ್ಪ," ಎಂದೆ.

ಪರೀಕ್ಷಕನ ಮಾತನ್ನು ಗಿರಾಕಿ ಇನ್ನೊಂದು ಅಂಗಡಿಯಲ್ಲಿ ಕೇಳಿ ನೋಡುತ್ತಾನೆ. ಮನೆಯವರು ಹಾಗೆ ಬೇರೆಲ್ಲೂ ಕೇಳುವುದಿಲ್ಲ. ಅವರು ತಂದದ್ದನ್ನೇ ಮೊದಲು ತಕ್ಕಡಿಗೆ ಹಾಕಬೇಕಿತ್ತು.

ಅವನಿಗೆ ನಾಣ್ಯ ಕೊಡುವಾಗ ಅಂಗಡಿಯಲ್ಲಿ ಗಿರಾಕಿಗಳಿಗೆ ಕೊಡುವಂಥ ಚೀಟಿಯನ್ನೂ ಬರೆದೆ: 'ರಷ್ಯಾ, ತಾಮ್ರ, ಐದು ಕೊಪೆಕ್. ಅಸಲಿ. ಪರೀಕ್ಷೆಗೆ ತಂದವರು: ರತ್ನ.' ಕೆಳಗೆ ಸಹಿ ಹಾಕಿದೆ. ಅವಳು ಕೇಳಿದ್ದು ಅಷ್ಟೇ ಆಗಿತ್ತು.